ನಮ್ಮ ಬೂತಿನ ಲೆಕ್ಕ ಇಟ್ಟಿರುವ ಯಜಮಾನರಿಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸಕಲ ಪಕ್ಷಗಳ ಮುಖಂಡರು, ಮರಿ ಮುಖಂಡರು ಹಾಗೂ ಅವರ ಹಿಂದೆ ಬೈಕಿನಲ್ಲಿ ಬರುವ ಹುಡುಗರಿಗೆ,

ಮತದಾರರ ನಮಸ್ಕಾರ. ನಾವು ಕ್ಷೇಮ. ನಮ್ಮ ಕ್ಷೇಮ ಯಾರ ಕೈಲಿದೆ ಅನ್ನುವುದನ್ನು ಚುನಾವಣೆ ಬಂದಾಗೆಲ್ಲ ನೀವೇ ನೆನಪು ಮಾಡಿಕೊಡುವುದರಿಂದ ಹೆಚ್ಚು ಬರೆಯುವ ಅಗತ್ಯವಿಲ್ಲ.

ನಿಮ್ಮನ್ನು ಗೂಂಡಾಗಳು ಅನ್ನುವವರಿಗೆ ನಿಮ್ಮ ನಾಜೂಕು ಗೊತ್ತಿಲ್ಲ. ದೊಣ್ಣೆ ಹಿಡಿಯುವುದು ಕಸುಬು ಬಾರದವರ ಲಕ್ಷಣ. ನೀವು ರಾತ್ರಿ ಊಟದ ಹೊತ್ತಿಗೆ ಬಂದು ಜಗುಲಿ ಮೇಲೆ ಕೂರುತ್ತೀರಿ, ನೀರು ಕೇಳಿ ಕುಡಿಯುತ್ತೀರಿ, ಮೊಬೈಲ್ ಟಾರ್ಚಿನ ಬೆಳಕಲ್ಲಿ ಮತದಾರರ ಪಟ್ಟಿ ಬಿಡಿಸಿ ಕೆಂಪು ಪೆನ್ನು ತೆಗೆಯುತ್ತೀರಿ. “ಮನೇಲಿ ಐದು ಓಟಲ್ವೇನವ್ವಾ? ದೊಡ್ಡ ಮಗ ಬೆಂಗಳೂರಿಂದ ಬತ್ತನಾ? ಮನೆ ಬಿಲ್ಲು ಎರಡನೇ ಕಂತು ಇನ್ನೂ ಆಗಿಲ್ವಲ್ಲ... ಆಯ್ತದೆ ಬುಡು. ಈ ಬೂತಲ್ಲಿ ನಮ್ಗೆ ಎಷ್ಟು ಬಿತ್ತು ಅಂತ ಲೆಕ್ಕ ಹೆಂಗೂ ಸಿಕ್ತದಲ್ಲ.” ಇಷ್ಟೇ. ಇದರಲ್ಲಿ ಬೆದರಿಕೆ ಎಲ್ಲಿದೆ? ಸ್ಟೇಷನ್ನಿಗೆ ಹೋಗಿ ಹೇಳಿದರೆ ಕುಶಲ ವಿಚಾರಿಸಿದ್ದಕ್ಕೂ ಕಂಪ್ಲೇಂಟೇ ಅಂತ ನಮಗೇ ಬೈದಾರು.

ಚಿಲ್ಕುಂದ, ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪನ್ನು ಬ್ರೈಟ್, ಮೀಡಿಯಂ, ಲೋ ಗ್ರೇಡ್ ಅಂತ ವಿಂಗಡಿಸಿದ ಹಾಗೆ ನೀವು ನಮ್ಮನ್ನೂ ವಿಂಗಡಿಸಿಟ್ಟಿದ್ದೀರಿ: ನಮ್ಮೋರು, ಗೋಡೆ ಮೇಲೆ ಕೂತೋರು, ಅವರ ಕಡೆಯೋರು. ಮಾರುಕಟ್ಟೆಯಲ್ಲಿ ಲೋ ಗ್ರೇಡಿಗೂ ಒಂದು ರೇಟು ಕೂಗುತ್ತಾರೆ. ನಿಮ್ಮಲ್ಲಿ ಬರೀ ಕೂಗಾಟ.

ಇನ್ನು ಓಟಿನ ಹಿಂದಿನ ಕತ್ತಲ ರಾತ್ರಿಯ ವಿಷಯ. ತಟ್ಟೆಯಲ್ಲಿ ಕವರು, ಕವರಿನ ಮೇಲೆ ಮಾದಪ್ಪನ ಫೋಟೊ, ಫೋಟೊ ಮೇಲೆ ಅರಿಶಿನದಕ್ಕಿ. “ಮುಟ್ಟಿ ಹೇಳು.” ದುಡ್ಡು ವಾರದಲ್ಲಿ ಕರಗುತ್ತದೆ, ಆಣೆ ಐದು ವರ್ಷ ಎದೆ ಮೇಲೆ ಕೂತಿರುತ್ತದೆ. ಆಣೆಯ ಬೆಲೆ ನಿಮಗೂ ಗೊತ್ತು ಬಿಡಿ. ಅಕ್ಟೋಬರ್ 2019ರಲ್ಲಿ ಕೆ.ಆರ್. ನಗರದ ಶಾಸಕ ಸಾ.ರಾ. ಮಹೇಶ್ ಮತ್ತು ಹುಣಸೂರಿನ ಅನರ್ಹ ಶಾಸಕ ಎಚ್. ವಿಶ್ವನಾಥ್ ಇಬ್ಬರೂ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿದ್ದನ್ನು ನಾವು ಕೆಲಸ ಬಿಟ್ಟು ಟಿವಿಯಲ್ಲಿ ನೋಡಿದೆವು. ಅವರಿಗೆ ಕ್ಯಾಮೆರಾ ಸಾಕ್ಷಿ, ನಮಗೆ ಮುಚ್ಚಿದ ಬಾಗಿಲು.

ವಿಚಿತ್ರವೆಂದರೆ ಕಾನೂನು ಬರೆದವರಿಗೂ ಈ ತಟ್ಟೆಯ ವಾಸನೆ ಬಡಿದಿತ್ತು. ಇಂಥವರಿಗೆ ಓಟು ಹಾಕದಿದ್ದರೆ ದೈವಕೋಪಕ್ಕೆ ಗುರಿಯಾಗುತ್ತೀಯೆ ಎಂದು ನಂಬಿಸುವುದೂ ‘ಅನುಚಿತ ಪ್ರಭಾವ’ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಂ. ಹಳೆಯ ದಂಡ ಸಂಹಿತೆಯಲ್ಲಿ ಅದೇ 171-ಸಿ. ಶಿಕ್ಷೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹೆದರಬೇಡಿ. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗಿಳಿಯುವಂತಿಲ್ಲ, ಆ ಅನುಮತಿ ಸರಿಯಾಗಿ ಪಡೆದಿಲ್ಲವೆಂದೇ ಇಂಥ ಎಷ್ಟೋ ಕೇಸುಗಳು ಹೈಕೋರ್ಟಿನಲ್ಲಿ ಬಿದ್ದುಹೋಗಿವೆ.

ನೀವು ಜಗುಲಿ ಮೇಲೆ ಪಿಸುಗುಡುವುದನ್ನು ನಿಮ್ಮ ಮೇಲಿನವರು ಬಾಯಿ ಬಿಟ್ಟೇ ಹೇಳುತ್ತಾರೆ. ಜೂನ್ 2019ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಸ್ಸಿಗೆ ಅಡ್ಡ ನಿಂತ ಕಾರ್ಮಿಕರನ್ನು, ಓಟು ಮೋದಿಗೆ ಹಾಕಿ ಕೆಲಸ ನನ್ನಿಂದ ಕೇಳುತ್ತೀರಾ ಎಂದು ಗದರಿದವರು ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ. ಕಾಂಗ್ರೆಸ್ ಬಂದರೆ ರಾಜ್ಯದಲ್ಲಿ ಗಲಭೆ ಎಂದು ಏಪ್ರಿಲ್ 2023ರಲ್ಲಿ ಎಚ್ಚರಿಸಿದವರು ಅಮಿತ್ ಶಾ. ಲೋಕಸಭೆಗೆ ಓಟು ಬೀಳದಿದ್ದರೆ ಗ್ಯಾರಂಟಿ ನಿಲ್ಲಿಸಬೇಕಾದೀತು ಎಂದು ಜನವರಿ 2024ರಲ್ಲಿ ಹೇಳಿದವರು ಮಾಗಡಿಯ ಶಾಸಕ ಬಾಲಕೃಷ್ಣ. ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಯೋಗ ನೋಡಿ: ಅದೇ ವರ್ಷದ ಏಪ್ರಿಲಿನಲ್ಲಿ ಡಿ.ಕೆ. ಶಿವಕುಮಾರ್ ಆ ನಿವಾಸಿಗಳ ಬಳಿಗೇ ಹೋಗಿ, ನಾನು ಬಂದಿರುವುದು ಬಿಸಿನೆಸ್ ಡೀಲಿಗೆ ಅಂದರಂತೆ. ಅಲ್ಲಿ ವ್ಯವಹಾರ, ಇಲ್ಲಿ ಗದರಿಕೆ!

ನಿಮ್ಮ ನಿಜವಾದ ಆಯುಧ ಆ ‘ಲೆಕ್ಕ’. ಮತಯಂತ್ರ ಬಂದ ಮೇಲೆ ಪ್ರತಿ ಬೂತಿನ ಎಣಿಕೆ ಬೇರೆಬೇರೆಯಾಗಿ ಫಾರಂ 20ರಲ್ಲಿ ಅಚ್ಚಾಗಿ ಬರುತ್ತದೆ. ಕಾಗದದ ಕಾಲದಲ್ಲಾದರೆ ಹಲವು ಬೂತುಗಳ ಚೀಟಿ ಬೆರೆಸಿ ಎಣಿಸುವುದಿತ್ತು. ದೊಡ್ಡ ಊರಿನವರು ಗುಂಪಿನಲ್ಲಿ ತಪ್ಪಿಸಿಕೊಂಡಾರು. ಕೋಟೆ ಕಡೆಯ ಕಾಡಂಚಿನ ಹಾಡಿಗಳ ಜೇನು ಕುರುಬರು ಎಲ್ಲಿಗೆ ಹೋಗಬೇಕು? ಇರುವುದೇ ನಾಲ್ಕಾರು ಡಜನ್ ಮನೆ, ಬೂತಿನಲ್ಲಿ ಹತ್ತು ಓಟು ಕಮ್ಮಿಯಾದರೆ ಆ ಹತ್ತು ಯಾರದೆಂದು ಬೆರಳಲ್ಲಿ ಎಣಿಸಿ ಹೇಳುತ್ತೀರಿ. ಹದಿನಾಲ್ಕು ಬೂತುಗಳ ಮತ ಒಟ್ಟಿಗೆ ಕೂಡಿಸಿ ತೋರಿಸುವ ‘ಟೋಟಲೈಸರ್’ ಯಂತ್ರ ತರೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಂದ್ರಕ್ಕೆ ಬರೆಯಿತು, 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಹೌದೆಂದಿತು. ಕೇಂದ್ರ ಒಪ್ಪಲಿಲ್ಲ. ಬೂತ್‌ವಾರು ಲೆಕ್ಕ ಗೊತ್ತಿದ್ದರೆ ಹಿಂದೆ ಬಿದ್ದ ಕಡೆ ಪಕ್ಷಗಳು ಹೆಚ್ಚು ಕೆಲಸ ಮಾಡಬಹುದಂತೆ! ಹೆಚ್ಚು ಕೆಲಸ ಆಗುತ್ತಿರುವುದೇನೋ ನಿಜ. ಯಾವ ಕೆಲಸ ಅನ್ನುವುದು ನಮಗೂ ನಿಮಗೂ ಗೊತ್ತು.

ಹುಣಸೂರಿನ ದೇವರಾಜ ಅರಸರು 1974ರ ಭೂಸುಧಾರಣೆ ತಂದಾಗ, ಗೇಣಿ ಹೋಯಿತು, ಧಣಿ ಹೇಳಿದ ಕಡೆ ಓಟು ಒತ್ತುವ ಹಂಗೂ ಹೋಯಿತು ಅಂದುಕೊಂಡಿದ್ದರು ನಮ್ಮ ಹಿರಿಯರು. ಈಗ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಉಳುವವನಿಗೇ ಭೂಮಿ ಸರಿ, ಸಾಗುವಳಿ ಚೀಟಿ ಮಾತ್ರ ಲೆಕ್ಕ ನೋಡಿಕೊಂಡು.

ಒಂದೇ ಬಿನ್ನಹ. ಮುಂದಿನ ಸಲ ಪಟ್ಟಿ ಹಿಡಿದು ಬರುವಾಗ ಸತ್ತವರ ಹೆಸರಿಗೂ ಟಿಕ್ ಹಾಕಿಕೊಳ್ಳಿ. ನಿಮ್ಮ ಮಾತಿಗೆ ಹೆದರದವರು ಈ ಊರಲ್ಲಿ ಸದ್ಯಕ್ಕೆ ಅವರೇ.

ಇಂತಿ,
ನಿಮ್ಮ ಪಟ್ಟಿಯಲ್ಲಿರುವವರು

ತಾ.ಕ.: ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ಬೇಡ. ಸುಟ್ಟುಹೋದ ಟಿ.ಸಿ. ಬದಲಿಸಲು ಲೈನ್‌ಮನ್ ಒಂದು ತಿಂಗಳು ಬರದಿದ್ದರೆ ನಿಮ್ಮ ಉತ್ತರ ತಲುಪಿತು ಅಂದುಕೊಳ್ಳುತ್ತೇವೆ.