ಹಳತಿಗೆ ಬಂದ ಬಡ್ತಿ

ನಮ್ಮ ಕರಾವಳಿಯ ಮನೆಗಳಲ್ಲಿ ಯಾವ ವಸ್ತುವಿಗೂ ನಿವೃತ್ತಿ ಎಂಬುದಿರಲಿಲ್ಲ, ಹಿಂಬಡ್ತಿ ಮಾತ್ರ ಇತ್ತು. ಮದುವೆಗೆ ತಂದ ಸೀರೆ ಕೆಲವು ವರ್ಷ ಹಬ್ಬಕ್ಕೆ, ಬಣ್ಣ ಮಾಸಿದ ಮೇಲೆ ಕೊಟ್ಟಿಗೆಗೆ, ಆಮೇಲೆ ಇನ್ನೊಂದು ಸೀರೆಯ ಜೊತೆ ಹೊಲಿಸಿಕೊಂಡು ಹೊದೆಯುವ ದುಪ್ಪಟಿ. ದುಪ್ಪಟಿ ಹರಿದರೆ ತೊಟ್ಟಿಲ ಹಾಸು. ಅದೂ ಹರಿದರೆ ಒಲೆಯಿಂದ ಪಾತ್ರೆ ಇಳಿಸುವ ಮಸಿ ಅರಿವೆ. ಅರಿವೆ ಹೋಗಿ ಬರೀ ಮಸಿಯೇ ಉಳಿದ ದಿನ ಗದ್ದೆಯ ಬೆದರುಗೊಂಬೆಗೆ ಮುಂಡಾಸು. ಇದನ್ನು ಯಾರೂ ಕಲೆ ಎನ್ನಲಿಲ್ಲ, ಜಿಪುಣತನ ಎಂದೂ ಹೆಸರಿಡಲಿಲ್ಲ.

ಈಗ ಗಾಳಿ ತಿರುಗಿದೆ. ಬೆಂಗಳೂರಿನ ಕಂಪನಿಗೆ ಹೊನ್ನಾವರದ ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡುವ ಮಗಳು ಬಿಡುವಿನಲ್ಲಿ ಮೊಬೈಲ್ ವಿಡಿಯೋ ನೋಡಿ ನೋಡಿ, ಒಂದೇ ಬೇಸಿಗೆಯಲ್ಲಿ ಅಟ್ಟದ ಮೇಲಿದ್ದುದಕ್ಕೆಲ್ಲ ಸಾಮೂಹಿಕ ಬಡ್ತಿ ಕೊಟ್ಟು ಜಗಲಿಗೆ ಇಳಿಸಿದಳು. ತೊಂದರೆ ಏನೆಂದರೆ, ಬಡ್ತಿ ಸಿಕ್ಕಿದ್ದು ಆಮೇಲೆ ಕೆಲಸ ಮಾಡುವುದಿಲ್ಲ. ಅಕ್ಕಿ ಅಳೆಯುತ್ತಿದ್ದ ಸಿದ್ದೆ ಈಗ ಪೆನ್ನಿನ ಸ್ಟ್ಯಾಂಡು. ಅಕ್ಕಿಯನ್ನು ನಾವು ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಲ್ಲಿ ಅಳೆಯುತ್ತೇವೆ. ಕಡಗೋಲು ತಲೆಕೆಳಗಾಗಿ ದೀಪ ಹಿಡಿದು ನಿಂತಿದೆ. ಗೆರಟೆಯ ಸೌಟಿಗೆ ವಾರ್ನಿಷ್ ಬಳಿದದ್ದರಿಂದ ಅದು ಸಾರಿಗೆ ಇಳಿಯುವ ಹಾಗಿಲ್ಲ.

ಆಕ್ಷೇಪಿಸಿದರೆ ಅವಳ ಬಳಿ ಸಾಕ್ಷಿ ಸಿದ್ಧವಿರುತ್ತದೆ. ನಮ್ಮದೇ ಜಿಲ್ಲೆಯ ಘಟ್ಟದ ಮೇಲೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಒಂದು ಮೂಲೆಯಿಂದ ಹಿಡಿದು ಅಂಚುಗುಂಟ ಸುತ್ತು ಬರುತ್ತ ನಡುವಿಗೆ ಮುಟ್ಟುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನ ಮಡಚಿ ‘ಫೂಲ’ ಇಡುತ್ತಾರೆ. ಫೂಲವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಈ ಕೌದಿಗಳು ಅಮೆರಿಕದ ಪ್ರದರ್ಶನಗಳ ಗೋಡೆ ಏರಿವೆ ಎಂಬುದು ಮಗಳ ವಾದದ ಬ್ರಹ್ಮಾಸ್ತ್ರ. ಏರಲಿ, ಸಂತೋಷವೇ. ಆದರೆ ಅಲ್ಲಿ ಮುಟ್ಟಲಿಕ್ಕೂ ಬಿಡದ ಕೌದಿಯ ಮೇಲೆ ಇಲ್ಲಿ ಮಕ್ಕಳು ನಿಶ್ಚಿಂತೆಯಿಂದ ಉಚ್ಚೆ ಹೊಯ್ದು ಮಲಗುತ್ತವೆ. ಕೌದಿಗೆ ಯಾವುದು ಹೆಚ್ಚಿನ ಗೌರವ ಎಂದು ಕೇಳಿದರೆ ನಾನು ಮಕ್ಕಳ ಕಡೆ.

ಈ ವಿದ್ಯೆಯಲ್ಲಿ ಭಟ್ಕಳದವರು ನಮಗಿಂತ ಬಹಳ ಮುಂದೆ. ಮನೆಗೊಬ್ಬರು ಕೊಲ್ಲಿ ದೇಶದಲ್ಲಿರುವ ಊರು. ದುಬೈಯಿಂದ ರಟ್ಟಿನ ಪೆಟ್ಟಿಗೆ ಬಂದರೆ ಅದನ್ನು ಬಿಗಿದ ಪ್ಲಾಸ್ಟಿಕ್ ಹಗ್ಗ ಸಂಜೆಯೊಳಗೆ ಬಟ್ಟೆ ಒಣಗಿಸುವ ತಂತಿಯಾಗಿರುತ್ತದೆ. ಅಲ್ಲಿನ ಸ್ನೇಹಿತನ ಮನೆಯಲ್ಲಿ ಖಾಲಿ ಅತ್ತರು ಬಾಟಲಿಗಳೆಲ್ಲ ಕಿಟಕಿಯಲ್ಲಿ ಸಾಲಾಗಿ ಮನಿಪ್ಲಾಂಟ್ ಹೊತ್ತು ನಿಂತಿವೆ. ಟೀಪಾಯಿಯ ಮೇಲಿನ ನೀಲಿ ಬಿಸ್ಕೀಟು ಡಬ್ಬಿಯನ್ನು ಆಸೆಯಿಂದ ತೆರೆದ ಅತಿಥಿಗೆ ಸೂಜಿ, ದಾರದುಂಡೆ, ಗುಂಡಿ ಕಂಡು ಮುಖ ಸಪ್ಪಗಾಗುವುದು ಆ ಮನೆಯ ನಿತ್ಯದ ಮನರಂಜನೆ. ಹಳೆಯ ಹುಲಿ ಚಿತ್ರದ ಕಂಬಳಿಯನ್ನು ಅವರು ಕತ್ತರಿಸಿ ಕಾಲೊರೆಸು ಮಾಡಿದ್ದಾರೆ. ಹುಲಿಯ ಮುಖ ಸರಿಯಾಗಿ ಬಾಗಿಲಿಗೇ ಬಂದಿದೆ. ಸಾಲ ವಸೂಲಿಗೆ ಬಂದವರೂ ಹೊಸ್ತಿಲಲ್ಲಿ ಒಂದು ಕ್ಷಣ ಯೋಚಿಸುತ್ತಾರಂತೆ.

ನಮ್ಮ ಹೊನ್ನಾವರದ ಸಂಪತ್ತು ಬಲೆ. ಕಾಸರಕೋಡು ಕಡೆಯ ಮೀನುಗಾರರು ಬಿಟ್ಟ ಹಳೆ ಬಲೆ ಇಲ್ಲಿ ಬಾವಿಗೆ ಮುಚ್ಚಳ, ಹರಿವೆ ಪಾತಿಗೆ ಬೇಲಿ, ಕೋಳಿಗೆ ಜೈಲು. ನಮ್ಮ ಬಾವಿಯ ಬಲೆಯನ್ನು ಮಗಳು ಬಿಚ್ಚಿ, ತೊಳೆದು, ಶರಾವತಿಯ ಅಳಿವೆಯಲ್ಲಿ ಆರಿಸಿದ ಚಿಪ್ಪುಗಳನ್ನು ಪೋಣಿಸಿ ಹಾಲಿನ ಗೋಡೆಗೆ ಇಳಿಬಿಟ್ಟಳು. ಮೇ ತಿಂಗಳ ತನಕ ಎಲ್ಲರೂ ಹೊಗಳಿದರು. ಜೂನ್ ಬಂತು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ನಾಡಿದು; ಗೋಡೆಯೇ ಬೆವರುತ್ತದೆ. ಥಂಡಿಗೆ ಬಲೆಯೊಳಗಿನ ಪೂರ್ವಜನ್ಮ ಎದ್ದಿತು. ಈರುಳ್ಳಿ ಹಾಕುವುದಕ್ಕೇ ತಿಥಿ ನೋಡುವ ನಮ್ಮ ಹವ್ಯಕರ ಮನೆಯಲ್ಲಿ ಬಂಗಡೆಯ ಪರಿಮಳ! ಅಮ್ಮ ಮೂಗಿಗೆ ಸೆರಗು ಹಿಡಿದು ಊದುಬತ್ತಿ ಹಚ್ಚಿದರು. ಬೆಕ್ಕು ಮಾತ್ರ ಎರಡು ದಿನ ಊಟ ಬಿಟ್ಟು ಆ ಕಲಾಕೃತಿಯ ಕೆಳಗೇ ಕೂತಿತ್ತು.

ಕುಮಟೆಯ ನೆಂಟನೊಬ್ಬನದು ಇನ್ನೊಂದು ಕತೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ಅವನ ಅಜ್ಜನ ಮನೆಯ ಮುಂಭಾಗ ಹೋಯಿತು. ಹಲಸಿನ ಮರದ ತಲೆಬಾಗಿಲನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಂಡ. ಮುಂದೊಮ್ಮೆ ಗೋಕರ್ಣದ ಹೋಮ್‌ಸ್ಟೇಯೊಂದರಲ್ಲಿ ಊಟಕ್ಕೆ ಕೂತಾಗ, ಮೇಜಿನ ಮೇಲೆ ಮೊಸರಿನ ಚಮಚ ಏನಕ್ಕೋ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಅಜ್ಜನ ಬಾಗಿಲಿನ ಚಿಲಕ. ಪಕ್ಕದಲ್ಲಿ ಇವನು ಚಿಕ್ಕಂದಿನಲ್ಲಿ ಮೊಳೆಯಿಂದ ಕೊರೆದಿದ್ದ ಸೈಕಲ್ಲಿನ ಚಿತ್ರ. ಅದಕ್ಕೆ ಅಂದು ಬಿದ್ದ ಪೆಟ್ಟು ನೆನಪಾಗಿ ಬೆನ್ನು ಸವರಿಕೊಂಡನಂತೆ. ಮಾಲೀಕ ಮಾತ್ರ ಹೆಮ್ಮೆಯಿಂದ, ಅದು ಬುಡಕಟ್ಟು ಕಲೆ, ಬಹಳ ಪ್ರಾಚೀನ ಎಂದು ವಿವರಿಸಿದ.

ಪ್ರಾಚೀನತೆಯ ವಿಷಯದಲ್ಲಿ ನನ್ನ ಮಗಳೂ ಕಡಿಮೆಯಿಲ್ಲ. ಹಿತ್ತಿಲಲ್ಲಿ ನಾನು ಜೋಡಿಸಿಟ್ಟಿದ್ದ ಮಂಗಳೂರು ಹಂಚುಗಳನ್ನು ಕತ್ತದಿಂದ ತಿಕ್ಕಿ ಪಾಚಿ ತೆಗೆದಾಗ, ಒಳಮೈಯಲ್ಲಿ ಬಾಸೆಲ್ ಮಿಷನ್ನಿನ ಹೆಸರು, 1865 ಎಂಬ ಅಚ್ಚು ಕಂಡವು. ಅದು ಮಂಗಳೂರಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ಇಸವಿ. ಹಂಚು ಸುಟ್ಟ ಇಸವಿಯಲ್ಲ. ಎಷ್ಟು ಹೇಳಿದರೂ ಬಂದವರಿಗೆಲ್ಲ 1865ನೇ ಇಸವಿಯ ಹಂಚೆಂದೇ ಪರಿಚಯ. ಇಸವಿ ಕಾಣಬೇಕಲ್ಲ, ಅದಕ್ಕಾಗಿ ಒಳಮೈಯ ಮೇಲೇ ಯಕ್ಷಗಾನದ ಮುಖಗಳನ್ನು ಬರೆದಳು. ಕೆರೆಮನೆ ಮೇಳದ ಗುಣವಂತೆ ನಮಗೆ ದೂರವಲ್ಲ. ವೇಷ ನೋಡಿಯೇ ಬೆಳೆದವಳು. ಕೌರವನ ಹುಬ್ಬು, ಭೀಮನ ಮೀಸೆ, ಕಿರೀಟದ ಬೇಗಡೆಯ ಮಿಂಚು ಚೆನ್ನಾಗಿಯೇ ಬಂದಿದ್ದವು, ಸುಳ್ಳೇಕೆ ಹೇಳಲಿ. ಹಂಚುಗಳೆಲ್ಲ ಸಾಲಾಗಿ ಹಾಲನ್ನೇರಿದವು.

ಆ ಹಂಚುಗಳನ್ನು ನಾನು ಸುಮ್ಮನೆ ಇಟ್ಟಿರಲಿಲ್ಲ. ಮಂಗನ ಕಾಟಕ್ಕೂ ಬೀಳುವ ತೆಂಗಿನಕಾಯಿಗೂ ಮಾಡಿಗೆ ಬದಲಿ ಬೇಕು. ಆಷಾಢದ ಒಂದು ರಾತ್ರಿ ಗಾಳಿಗೆ ಕಾಯಿ ಬಿತ್ತು; ಸರಿಯಾಗಿ ಅಮ್ಮನ ಮಂಚದ ನೇರಕ್ಕೆ. ಅವರ ಕಾಲ ಬುಡದಲ್ಲಿ ಕೊಡಪಾನ ಇಟ್ಟು ಬೆಳಗು ಮಾಡಿದೆವು. ಪೇಟೆಯಲ್ಲಿ ಕೇಳಿದರೆ ಆ ಅಚ್ಚಿನ ಹಂಚು ಈಗೆಲ್ಲಿ! ಬೇರೆಯದು ತಂದರೆ ಗಾಡಿ ಹೊಂದುವುದಿಲ್ಲ. ಹಾಲಿನ ಕಡೆ ನೋಡಿದೆ. ಮಗಳು ನನ್ನ ಕಡೆ ನೋಡಿದಳು. ಒಂದು ಗಂಟೆ ಮಾತುಕತೆಯ ನಂತರ ಕೌರವನನ್ನು ಬಿಟ್ಟುಕೊಟ್ಟಳು.

ಹಂಚನ್ನು ಕೂರಿಸಿ ಏಣಿ ಇಳಿದು ಒಳಗೆ ಬಂದರೆ, ಒಳಮೈ ಕೆಳಮುಖವಲ್ಲವೇ, ರೀಪುಗಳ ಸಂದಿಯಿಂದ ಕೌರವ ಕಣ್ಣು ಕೆಕ್ಕರಿಸಿ ನೇರ ಅಮ್ಮನನ್ನೇ ನೋಡುತ್ತಿದ್ದ. ಅಮ್ಮ ಹೆದರಿಯಾರು ಎಂದುಕೊಂಡೆ. ಅವರು ಕನ್ನಡಕ ಏರಿಸಿ, ದಿಂಬು ಸರಿಮಾಡಿಕೊಂಡು, ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಒಬ್ನೇ ಕೌರವ ಎಂತಾ ಮಾಡ್ತಾ? ಎದುರು ವೇಷ ಬ್ಯಾಡ್ದಾ? ಆ ಭೀಮನ್ನೂ ಹತ್ಸು” ಎಂದರು.