ಕಿರಿಯರ ಕೈಗೆ ನಿಮ್ಮ ಫೋನ್ ನಂಬರ್ ಕೊಡಿ

ನಾಡಿನ ಹಿರಿಯ ಗ್ರಂಥಪಾಲಕರಿಗೆ ಗೌರವದ ನಮಸ್ಕಾರಗಳು.

ಸೇವೆಯಲ್ಲಿರುವವರಿಗೂ ನಿವೃತ್ತರಾದವರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ಮಕ್ಕಳ ಓದಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು, ಆಮೇಲೆ ಈ ಗ್ರಂಥಾಲಯಗಳೇ ‘ಅರಿವು ಕೇಂದ್ರ’ಗಳಾದವು. ಮಕ್ಕಳ ಪುಸ್ತಕ, ಕಂಪ್ಯೂಟರ್, ಗೋಡೆಗೆ ಹೊಸ ಬಣ್ಣ ಬಂದವು. ಮೇಲ್ವಿಚಾರಕರಿಗೆ ತರಬೇತಿಯೂ ಸಿಗುತ್ತಿದೆ. ಇದೆಲ್ಲ ಸಂತೋಷದ ಸಂಗತಿ. ಆದರೆ ತರಬೇತಿ ಮುಗಿಸಿ ಊರಿಗೆ ಮರಳಿದ ಮೇಲ್ವಿಚಾರಕಿ ಮರುದಿನ ಬೀಗ ತೆಗೆದಾಗ ಅಲ್ಲಿ ಅವಳೊಬ್ಬಳೇ.

ದಾನವಾಗಿ ಬಂದ ಮೂಟೆಗಟ್ಟಲೆ ಹಳೆಯ ಗೈಡುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಪೊಲೀಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗರೇ ಕುರ್ಚಿಗಳನ್ನೆಲ್ಲ ತುಂಬಿಕೊಂಡರೆ ಶಾಲೆ ಬಿಟ್ಟು ಬರುವ ಮಕ್ಕಳನ್ನು ಎಲ್ಲಿ ಕೂರಿಸಬೇಕು? ಪುಸ್ತಕ ಒಯ್ದು ಹಿಂದಿರುಗಿಸದ ಊರ ದೊಡ್ಡವರನ್ನು ಕೇಳುವುದು ಹೇಗೆ? ಇವಕ್ಕೆ ಉತ್ತರ ಕೈಪಿಡಿಯಲ್ಲಿಲ್ಲ, ನಿಮ್ಮ ಅನುಭವದಲ್ಲಿದೆ.

ಈ ವೃತ್ತಿಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರು ಗಣಿತದ ಮೇಷ್ಟ್ರು. ಹೊಸ ಕೆಲಸ ಬೇಸರ ತಂದು, ಮತ್ತೆ ಪಾಠ ಹೇಳಲು ಹೋಗಿಬಿಡಬೇಕು ಅನ್ನಿಸಿತ್ತು. ಆದರೆ ಗ್ರಂಥಾಲಯದ ಕೆಲಸ ಕಲಿಯಲು ಹೋದ ಲಂಡನ್ನಿನಲ್ಲಿ ಅವರಿಗೆ ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್ ಸಿಕ್ಕರು. ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸೇಯರ್ಸ್, ಕ್ರಾಯ್ಡನ್ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ತರಗತಿಯಲ್ಲಿ ತತ್ವ ಹೇಳಿದವರೇ ಗ್ರಂಥಾಲಯಗಳಿಗೆ ಹೋಗಿ ಕೆಲಸ ನೋಡುವ ದಾರಿಯನ್ನೂ ತೋರಿದರು. ಬೇಸರದಿಂದ ಹೊರಟವರು ಗ್ರಂಥಾಲಯವನ್ನೇ ಬಾಳಿನ ಕೆಲಸ ಮಾಡಿಕೊಂಡು ಮರಳಿದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಬಗ್ಗೆ ರಂಗನಾಥನ್ನರ ಪಂಚಸೂತ್ರಗಳ ಪುಸ್ತಕ ಹೊರಬಂದಾಗ ಅದಕ್ಕೆ ಪ್ರಸ್ತಾವನೆ ಬರೆದವರೂ ಸೇಯರ್ಸ್. ಕೋರ್ಸ್ ಮುಗಿದರೂ ನಂಟು ಮುಗಿದಿರಲಿಲ್ಲ.

ಆ ಋಣವನ್ನು ರಂಗನಾಥನ್ ನಮ್ಮ ಬೆಂಗಳೂರಿನಲ್ಲಿ ತೀರಿಸಿದರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ (ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಕಟ್ಟಿದರು. ಎ. ನೀಲಮೇಘನ್, ಎಂ. ಎ. ಗೋಪಿನಾಥ್ ಅವರಂಥವರು ಅವರೊಡನೆ ದುಡಿಯುತ್ತ, ಚರ್ಚಿಸುತ್ತ ಬೆಳೆದು, ಮುಂದಿನವರನ್ನು ಬೆಳೆಸಿದರು.

ಆದರೆ ಇಂಥ ನಂಟನ್ನು ಅದೃಷ್ಟಕ್ಕೆ ಬಿಡಬಾರದು ಎಂಬುದೇ ನನ್ನ ಅಹವಾಲು. ತಾನಾಗಿ ಹುಟ್ಟುವ ಮಾರ್ಗದರ್ಶನ ಪರಿಚಯದ ದಾರಿಯಲ್ಲೇ ಹರಿಯುತ್ತದೆ: ಒಂದೇ ಕಾಲೇಜು, ಒಂದೇ ಊರು, ಎಷ್ಟೋ ಸಲ ಒಂದೇ ಜಾತಿ. ಪಟ್ಟಣದ ವಿಶ್ವವಿದ್ಯಾಲಯ ಗ್ರಂಥಾಲಯಕ್ಕೆ ಸೇರಿದವರಿಗೆ ಪಕ್ಕದ ಮೇಜಿನಲ್ಲೇ ಹಿರಿಯರಿರುತ್ತಾರೆ. ಯಾರ ಪರಿಚಯವೂ ಇಲ್ಲದ ಹಳ್ಳಿಯ ಮೇಲ್ವಿಚಾರಕಿಗೆ ಯಾರಿದ್ದಾರೆ? ಅವಳಿಗೆ ವ್ಯವಸ್ಥೆಯೇ ಒಬ್ಬರನ್ನು ಒದಗಿಸಬೇಕು. ಹಾಗೆಂದು ಬರೀ ಆದೇಶದಿಂದ ಹುಟ್ಟಿದ ಜೋಡಿ, ಪ್ರೀತಿ ಇಲ್ಲದಿದ್ದರೆ ಫೈಲಿನಲ್ಲೇ ಉಳಿಯುತ್ತದೆ. ಜೋಡಿಯನ್ನು ವ್ಯವಸ್ಥೆ ಮಾಡಲಿ, ಅದಕ್ಕೆ ಜೀವ ನೀವು ತುಂಬಿ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪ್ರತಿ ಜಿಲ್ಲೆಯಲ್ಲೂ ಒಪ್ಪಿದ ಹಿರಿಯರ ಪಟ್ಟಿಯಾಗಲಿ. ಹೊಸದಾಗಿ ಸೇರಿದವರಿಗೆ ಒಂದು ವರ್ಷದ ಮಟ್ಟಿಗೆ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಲಿ. ಆ ಹಿರಿಯರು ಕಿರಿಯರ ಮೇಲಧಿಕಾರಿಯಾಗಿರಬಾರದು. ಹಾಜರಿ, ವರದಿ, ಸಂಬಳ ಯಾರ ಕೈಯಲ್ಲಿದೆಯೋ ಅವರ ಮುಂದೆ ‘ನನಗೆ ಇದು ಬರುವುದಿಲ್ಲ’ ಎಂದು ಯಾರೂ ಬಾಯಿಬಿಡುವುದಿಲ್ಲ. ಹಿರಿಯರು ಒಮ್ಮೆಯಾದರೂ ಆ ಹಳ್ಳಿಗೆ ಹೋಗಲಿ, ಕಿರಿಯರನ್ನು ತಮ್ಮ ಗ್ರಂಥಾಲಯಕ್ಕೂ ಕರೆಸಿಕೊಳ್ಳಲಿ. ಓಡಾಟದ ಖರ್ಚನ್ನು ಇಲಾಖೆ ಕೊಡಲಿ. ಹೊಂದಾಣಿಕೆ ಆಗದಿದ್ದರೆ ಕಾರಣ ಕೇಳದೆ ಜೋಡಿ ಬದಲಾಯಿಸಲಿ.

ನಿಮಗೂ ಇದರಿಂದ ಲಾಭವಿದೆ. ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ ಬಗೆಯನ್ನು, ಮೊಬೈಲಿನಲ್ಲೇ ಓದುಗರನ್ನು ಒಗ್ಗೂಡಿಸುವ ಬಗೆಯನ್ನು ಈ ಕಿರಿಯರು ನಮಗೆಲ್ಲ ಕಲಿಸಬಲ್ಲರು.

ಪ್ರತಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುತ್ತೇವೆ, ರಂಗನಾಥನ್ನರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಈ ಸಲ ಅದೇ ಸಭೆಯಲ್ಲಿ ನಿಮ್ಮ ಜಿಲ್ಲೆಯ ಮೊದಲ ಪಟ್ಟಿಯನ್ನು ಓದಿ. ಅದರಲ್ಲಿ ನಿಮ್ಮ ಹೆಸರೂ ಇರಲಿ.

ಇತಿ, ನಿಮ್ಮ ವಿಶ್ವಾಸಿ,
ನಿಮ್ಮದೇ ವೃತ್ತಿಯ ಕಿರಿಯ