ಗೋಡೆ ಒಡೆಯೋಕೆ ಮುಂಚೆ

ಬಂದ್ರಾ ಅಕ್ಕ? ನಾನೇ ಕೂಗೋಣ ಅಂತಿದ್ದೆ. ಸೋಮವಾರದಿಂದ ನಮ್ಮ ಅಡುಗೆಮನೆ ಒಡೆಯೋಕೆ ಶುರು ಮಾಡ್ತಾರೆ. ನೀವು ತಾರಸಿ ಮೇಲೆ ಸಂಡಿಗೆ ಹರವಿರೋದು ನೋಡ್ದೆ. ಅದಕ್ಕೇ ಮೇಸ್ತ್ರಿಗೆ ಹೇಳಿಟ್ಟಿದ್ದೀನಿ, ಕಟರ್ ಹಿಡಿಯೋ ಕೆಲಸ ಏನಿದ್ರೂ ಸಾಯಂಕಾಲ, ಅಕ್ಕ ಸಂಡಿಗೆ ಎತ್ತಿಟ್ಟ ಮೇಲೇ ಅಂತ. ಹಸಿ ಸಂಡಿಗೆ ಮೇಲೆ ಸಿಮೆಂಟ್ ಪುಡಿ ಕೂತ್ರೆ ತೊಳೆಯೋ ಹಾಗೂ ಇಲ್ಲ, ತಿನ್ನೋ ಹಾಗೂ ಇಲ್ಲ.

ಬಂದವರೆಲ್ಲ ಗ್ರಾನೈಟ್ ಯಾವ ಬಣ್ಣ, ಟೈಲ್ಸ್ ಎಲ್ಲಿ ತಂದ್ರಿ, ಚಿಮಣಿ ಹಾಕಿಸ್ತೀರಾ ಅಂತ ಕೇಳ್ತಾರೆ. ಅಷ್ಟು ದಿನ ಅನ್ನ ಎಲ್ಲಿ ಬೇಯಿಸ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಅದೇ ಮೊದಲ ಯೋಚನೆ. ಅತ್ತೆಗೆ ಸಕ್ಕರೆ ಕಾಯಿಲೆ, ಎಂಟು ಗಂಟೆಗೆಲ್ಲ ತಿಂಡಿ ಆಗಲೇಬೇಕು. ಇವರು ಅಷ್ಟೊತ್ತಿಗೆ ಡಬ್ಬಿ ಹಿಡಿದು ಹೊರಟಿರ್ತಾರೆ. "ಹೋಟೆಲಿಂದ ತರಿಸಿದ್ರಾಯ್ತು ಬಿಡು" ಅಂದ್ರು. ಒಂದೆರಡು ದಿನ ತರಿಸಬಹುದು. ತಿಂಗಳುಗಟ್ಟಲೆ ಹೊರಗಿನ ಎಣ್ಣೆ, ಸೋಡಾ ಅತ್ತೆಗೆ ಆಗುತ್ತಾ? ಮನೆಯವರ ಊಟ, ಔಷಧಿ, ಸ್ನಾನ, ನಿದ್ದೆಗೆ ಮೊದಲು ಒಂದು ಜಾಗ ಆಗ್ಲಿ, ಆಮೇಲೆ ಸುತ್ತಿಗೆ ಎತ್ತಲಿ ಅಂತ ಹಟ ಹಿಡಿದೆ.

ಹಿಂದಿನ ವರಾಂಡಾನೇ ಈಗ ಅಡುಗೆಮನೆ. ಒಗೆಯೋ ಕಲ್ಲಿನ ಹತ್ತಿರಾನೇ ನಲ್ಲಿ ಇರೋದ್ರಿಂದ ಪಾತ್ರೆ ತೊಳೆಯೋಕೂ ಅನುಕೂಲ. ಹಳೇ ಮೇಜಿನ ಮೇಲೆ ಒಲೆ, ಕೆಳಗೆ ಸಿಲಿಂಡರು. ನಡುಮನೆಯಲ್ಲೇ ಒಲೆ ಇಟ್ಕೊಳ್ಳಿ ಅಮ್ಮ, ದೂಳು ಬರದ ಹಾಗೆ ಬಾಗಿಲು ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟಿಕೊಡ್ತೀನಿ ಅಂದ ಮೇಸ್ತ್ರಿ. ನಾನು ಸುತಾರಾಂ ಒಪ್ಪಲಿಲ್ಲ. ಗ್ಯಾಸು ಗಾಳಿಗಿಂತ ಭಾರ ಅಕ್ಕ. ಸೋರಿದ್ರೆ ಮೇಲಕ್ಕೆ ಹೋಗಲ್ಲ, ನೆಲಕ್ಕೆ ಹತ್ತಿಕೊಂಡೇ ನಿಲ್ಲುತ್ತೆ. ಎತ್ತರದ ಕಿಟಕಿ ತೆಗೆದಿಟ್ರೂ ಸಾಲದು, ಕೆಳಗಡೆಯಿಂದ ಗಾಳಿ ಆಡಬೇಕು. 14.2 ಕೆ.ಜಿ. ಗ್ಯಾಸು ತುಂಬಿದ ಸಿಲಿಂಡರನ್ನ ಪ್ಲಾಸ್ಟಿಕ್ ಸುತ್ತಿದ ರೂಮಲ್ಲಿಟ್ಟು ಪಕ್ಕದ ರೂಮಲ್ಲಿ ನಿದ್ದೆ ಮಾಡೋದು ಹೇಗೆ? ವರಾಂಡದ ಗ್ರಿಲ್ ನೆಲದವರೆಗೂ ಇದೆ. ಪೈಪು ತಂದು ಐದು ವರ್ಷ ಆಗಿತ್ತು, ಅದನ್ನೂ ಬದಲಾಯಿಸಿದ್ವಿ.

ಸಾಮಾನು ವಿಂಗಡಿಸೋಕೆ ಅತ್ತೇನೇ ಮಣೆ ಹಾಕ್ಕೊಂಡು ಕೂತ್ರು. ದಿನಾ ಬೇಕಾದ್ದು ಒಂದು ಕಡೆ, ಹಬ್ಬ ಹರಿದಿನಕ್ಕೆ ಬೇಕಾದ್ದು ಇನ್ನೊಂದು ಕಡೆ. ದಿನಾ ಬೇಕಾದ್ದು ಎಷ್ಟು ಕಡಿಮೆ ಗೊತ್ತಾ! ಕುಕ್ಕರು, ಬಾಣಲೆ, ದೋಸೆ ಕಾವಲಿ, ಒಗ್ಗರಣೆ ಸೌಟು, ಸಾಸಿವೆ ಜೀರಿಗೆ ಡಬ್ಬಿ, ಈಳಿಗೆ ಮಣೆ, ಕಾಫಿ ಫಿಲ್ಟರು. ಮಿಕ್ಕಿದ್ದೆಲ್ಲ ರಟ್ಟಿನ ಪೆಟ್ಟಿಗೆಗೆ ಹೋಯ್ತು. ಒಳಗೇನಿದೆ ಅಂತ ಪೆಟ್ಟಿಗೆಯ ಪಕ್ಕದಲ್ಲಿ ಬರೆದಿದ್ದೀನಿ. ಮೇಲೆ ಬರೆದ್ರೆ ಒಂದರ ಮೇಲೊಂದು ಪೇರಿಸಿದಾಗ ಕಾಣಲ್ಲ.

ಅಟ್ಟದಿಂದ ಮಾವಿನ ಮಿಡಿ ಉಪ್ಪಿನಕಾಯಿ ಭರಣಿ ಇಳಿಸೋವಾಗ ಮಾತ್ರ ಅತ್ತೆ ಯಾರಿಗೂ ಮುಟ್ಟೋಕೆ ಬಿಡಲಿಲ್ಲ. ಬಟ್ಟೆ ಬಿಚ್ಚಿ, ನೀರಿನ ಪಸೆ ಇಲ್ಲದ ಸೌಟಲ್ಲಿ ತಳದಿಂದ ಒಂದ್ಸಲ ತಿರುವಿದ್ರು. ಭರಣಿ ಬಾಯಿ ಸುತ್ತ ಅಂಟಿದ್ದ ಖಾರ ಒರೆಸಿ, ಬಿಳಿ ಪಂಚೆ ತುಂಡನ್ನ ಎರಡು ಮಡಿಕೆ ಹಾಕಿ, ದಾರ ಬಿಗಿದು, ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿ ದೇವರ ಮನೆ ಮೂಲೆಗೆ ಒಯ್ದಿಟ್ರು. ದೂಳು ಕೊನೆಗೆ ಹೋಗೋ ಜಾಗ ಅದೇ ಅಂತ ಅವರ ಲೆಕ್ಕ. ಸರಿಯಾದ ಲೆಕ್ಕಾನೇ.

ಮೂಲೇಲಿ ನೆಲಕ್ಕೆ ಕೂರಿಸಿರೋ ಒರಳಿದೆಯಲ್ಲ, ಅದನ್ನ ಒಡೆದು ತೆಗೆದುಬಿಡೋಣ, ಈಗ ಯಾರು ರುಬ್ತಾರೆ ಅಂದ ಮೇಸ್ತ್ರಿ. ಮೊನ್ನೆ ಯುಗಾದಿ ಹೋಳಿಗೆಯ ಹೂರಣ ಅದರಲ್ಲೇ ರುಬ್ಬಿದ್ದು! ಸುತ್ತ ಅಗೆದು, ಸನಿಕೆ ಕೊಟ್ಟು ಇಡಿಯಾಗೇ ಎಬ್ಬಿಸಿ, ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ಕೂರಿಸಬೇಕು ಅಂತ ಮೊದಲೇ ಮಾತಾಡಿದ್ದೀವಿ. ಕೂಲಿ ಒಂದಿಷ್ಟು ಜಾಸ್ತಿ ಆಗುತ್ತೆ, ಆಗ್ಲಿ. ಇಂಥದ್ದೆಲ್ಲ ಕೆಲಸ ಶುರುವಾಗೋಕೆ ಮುಂಚೇನೇ ಹೇಳಬೇಕು. ಒಡೆದಾದ ಮೇಲೆ ಅತ್ತರೆ ಕಲ್ಲು ಕೂಡಿಕೊಳ್ಳುತ್ತಾ?

ನನಗೆ ನಿಜವಾದ ಭಯ ಇರೋದು ಆ ಹಸಿರು ಆಯಿಲ್ ಪೇಂಟಿನದು. ಮಾವನವರ ಕಾಲದಲ್ಲಿ ಬಳಿಸಿದ್ದು, ಅರ್ಧ ಗೋಡೆವರೆಗೆ ಇದೆ. ಹಳೇ ಆಯಿಲ್ ಪೇಂಟಿಗೆ ಸೀಸ ಬೆರೆಸ್ತಾ ಇದ್ರು. ಮನೆಗೆ ಬಳಿಯೋ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು ಅಂತ ನಮ್ಮ ದೇಶದಲ್ಲಿ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಗೋಡೇನ ಉಪ್ಪುಕಾಗದ ಹಾಕಿ ಉಜ್ಜಿದ್ರೆ ಆ ದೂಳು ಎಲ್ಲರ ಮೂಗಿಗೂ ಹೋಗುತ್ತೆ. ಮಕ್ಕಳ ಮೈಗೆ ಸೀಸ ಸೇರಿದ್ರೆ ಮಿದುಳಿಗೇ ಪೆಟ್ಟು. ನಾದಿನಿ ರಜೆಗೆ ಬರ್ತೀನಿ ಅಂದಿದ್ಲು. ತೆವಳೋ ಕೂಸು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋ ವಯಸ್ಸು. ಗೋಡೆ ಕೆಲಸ ಮುಗಿದು, ನೆಲ ಒದ್ದೆ ಬಟ್ಟೇಲಿ ಒರೆಸಿದ ಮೇಲೇ ಬಾ ಅಂತ ಫೋನ್ ಮಾಡಿದ್ದೀನಿ. ಬೇಜಾರು ಮಾಡ್ಕೊಂಡ್ಲು, ಪರವಾಗಿಲ್ಲ. ಗೋಡೆಗೆ ನೀರು ಚಿಮುಕಿಸಿಕೊಂಡೇ ಕೆರೆಯಬೇಕು, ಮುಖಕ್ಕೆ ಮಾಸ್ಕ್ ಇರಲೇಬೇಕು ಅಂತ ಕೆಲಸದ ಹುಡುಗರಿಗೂ ಹೇಳಿದ್ದೀನಿ. ಅವರೂ ಒಬ್ಬರ ಮನೆ ಮಕ್ಕಳೇ ತಾನೇ? ದಿನಾ ಇದೇ ದೂಳು ಕುಡೀತಾರೆ.

ಅಡುಗೆ ಕಟ್ಟೆ ಎತ್ತರದ ಮಾತಿಗೆ ಒಂದು ಸಣ್ಣ ಜಗಳಾನೇ ಆಯ್ತು. ಎಲ್ಲರ ಮನೇಲೂ 32 ಇಂಚು ಅಂತ ಮೇಸ್ತ್ರಿ. ಇಟ್ಟಿಗೆ ಪೇರಿಸಿ, ಮೇಲೆ ಹಲಗೆ ಇಟ್ಟು, ಅದರ ಮೇಲೇ ಚಪಾತಿ ಲಟ್ಟಿಸಿ ನೋಡ್ದೆ. ಬೆನ್ನು ಬಾಗದೆ ಕೈಗೆ ಹಿಡಿತ ಸಿಕ್ಕಿದ್ದು 34ಕ್ಕೆ. ನಿಮ್ಮದೂ ಮಾಡಿಸೋವಾಗ ಹೀಗೇ ನೋಡಿ ಅಕ್ಕ, ನೀವು ನನಗಿಂತ ಉದ್ದ.

ಪೈಪು, ವೈರು ಕೂರಿಸಿ ಗಾರೆ ಮೆತ್ತೋಕೆ ಮುಂಚೆ ಒಂದೊಂದು ಗೋಡೆಗೂ ಟೇಪು ಹಿಡಿದು ಫೋಟೊ ತೆಗೀತೀನಿ ಅಂತ ಮಗ ಒಪ್ಪಿಕೊಂಡಿದ್ದಾನೆ. ಮುಂದೆ ಮೊಳೆ ಹೊಡೆಯೋವಾಗ ಪೈಪು ಎಲ್ಲಿದೆ ಅಂತ ಗೊತ್ತಿರುತ್ತೆ. ಗಾರೆ ಆದಮೇಲೆ ಕಡಿಮೆ ಅಂದ್ರೂ ಏಳು ದಿನ ನೀರುಣಿಸಬೇಕು, ಆ ಪಾಳಿ ಅತ್ತೆ ತಗೊಂಡಿದ್ದಾರೆ. ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಕೈಯಲ್ಲೇ ಗೋಡೆಗೂ ಹಾಕ್ತೀನಿ ಅಂತಾರೆ.

ಒಡೆದ ಇಟ್ಟಿಗೆ, ಗಾರೆ ಚೂರೆಲ್ಲ ಮೂಟೆ ಕಟ್ಟಿಸಿ ನಮ್ಮ ಕಾಂಪೌಂಡಿನೊಳಗೇ ಇಡಿಸ್ತೀನಿ, ಗಾಡಿ ಬಂದಾಗ ಒಟ್ಟಿಗೆ ಹೋಗುತ್ತೆ. ಚರಂಡಿ ಪಕ್ಕ ಸುರಿದ್ರೆ ಮೊದಲ ಮಳೆಗೇ ನಿಮ್ಮ ಗೇಟಿನ ಮುಂದೆ ನೀರು ನಿಲ್ಲುತ್ತೆ. ಭಾನುವಾರ ಮರಳು ಇಳಿಸ್ತಾರಂತೆ ಅಕ್ಕ, ಶನಿವಾರ ರಾತ್ರೀನೇ ಭಾವನವರ ಸ್ಕೂಟರ್ ಒಳಗೆ ತಗೊಂಡುಬಿಡೋಕೆ ಹೇಳಿ. ಮತ್ತೆ ಒಂದು ಮಾತು, ನಮ್ಮ ಫ್ರಿಜ್ಜು ನಡುಮನೆಗೆ ಬಂದಿದೆ, ಅಡುಗೆಮನೆ ಕರೆಂಟ್ ತೆಗೆಯೋವಾಗ ಅದೂ ನಿಂತುಹೋಗಬಹುದು. ಆವತ್ತೊಂದು ದಿನ ಅತ್ತೆಯ ಇನ್ಸುಲಿನ್ ನಿಮ್ಮ ಫ್ರಿಜ್ಜಲ್ಲಿ ಇಟ್ಕೋತೀರಾ?